ಆ ಹಸಿರು ಯಾವುದು ಅಂತ ಮೊದಲು ಕೇಳಿ

ಕಳೆದ ತಿಂಗಳು ಕೋಲಾರದ ನನ್ನ ಆಫೀಸಿಗೆ ಮಾಲೂರು ಕಡೆಯಿಂದ ಇಬ್ಬರು ಬಂದಿದ್ದರು. ಕೈಯಲ್ಲಿ ತಮ್ಮೂರಿನ ಎರಡು ಉಪಗ್ರಹ ಚಿತ್ರಗಳ ಪ್ರಿಂಟು. ಒಂದು ಹಳೆಯದು, ಇನ್ನೊಂದು ಹೊಸದು. "ನೋಡಿ ಸಾರ್, ಮೊದಲು ಎಲ್ಲಾ ಬೋಳು. ಈಗ ಎಷ್ಟು ಹಸಿರು! ಪರಿಸರ ಸುಧಾರಿಸಿದೆ ಅಂತ ಬರೆದುಕೊಡಿ" ಅಂದರು.

ಭೂಬಳಕೆ ಬದಲಾವಣೆಯ ವರದಿ ಬರೆಯುವುದು ನನ್ನ ಕೆಲಸ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಂಪನಿಯವರೂ ಇದನ್ನೇ ಹೇಳುತ್ತಾರೆ, ಕಾಲೇಜಿನ ಮೇಷ್ಟ್ರೂ ಇದನ್ನೇ ಹೇಳುತ್ತಾರೆ. ಈ ಇಬ್ಬರಂತೂ ಊರಿನ ಮೇಲೆ ನಿಜವಾದ ಪ್ರೀತಿ ಇರುವವರು. ಅದಕ್ಕೇ ಕೂರಿಸಿಕೊಂಡು ಹೇಳಿದೆ.

ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಉಪಗ್ರಹ ಚಿತ್ರದಿಂದ ಇವೆರಡರ ಲೆಕ್ಕ ಹಾಕಿ ತೆಗೆಯುವ, ಹಸಿರನ್ನು ಅಳೆಯುವ ಅಂಕಿಯೇ ಎನ್‌ಡಿವಿಐ. ಎಲೆ ಎಷ್ಟಿದೆ ಅಂತ ಅದು ಹೇಳುತ್ತದೆ. ಯಾವ ಗಿಡದ ಎಲೆ ಅಂತ ಹೇಳುವುದಿಲ್ಲ. ಗುಂಡುತೋಪಿನ ಹೊಂಗೆಯೂ ಹಸಿರು, ರಾಗಿ ಹೊಲವೂ ಹಸಿರು, ನೀಲಗಿರಿ ತೋಪೂ ಹಸಿರು.

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನಮ್ಮ ಜಿಲ್ಲೆಯ ರಾಗಿ ಹೊಲಗಳಿಗೂ ನೀಲಗಿರಿ ಬಂತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು. ಅಂತರ್ಜಲ ಬತ್ತಿದ್ದಕ್ಕೆಲ್ಲ ನೀಲಗಿರಿಯೇ ಕಾರಣ ಅಂತ ನಾನು ಹೇಳುವುದಿಲ್ಲ. ಬೋರ್‌ವೆಲ್‌ಗಳ ಪಾಲು ದೊಡ್ಡದಿದೆ. ಆದರೆ ರಾಗಿ ಹೊಲ ನೀಲಗಿರಿ ತೋಪಾದರೆ ಚಿತ್ರ ವರ್ಷಪೂರ್ತಿ ಹಸಿರಾಗಿ ಕಾಣುತ್ತದೆ. ಮನೆಯ ರಾಗಿ, ದನದ ಹುಲ್ಲು ಹೋಗಿದ್ದು ಅದರಲ್ಲಿ ಎಲ್ಲೂ ಕಾಣುವುದಿಲ್ಲ, ಅಲ್ವಾ?

ತಿಂಗಳೂ ನೋಡಬೇಕು. ಅವರ ಹಳೆಯ ಚಿತ್ರ ಮಾರ್ಚ್‌ನದು, ಹೊಸದು ಅಕ್ಟೋಬರ್‌ನದು. ಅಕ್ಟೋಬರ್‌ನಲ್ಲಿ ರಾಗಿ ಹೊಲದಲ್ಲೇ ಇರುತ್ತದೆ. ಮಾರ್ಚ್‌ಗೆ ಕೊಯ್ಲು, ಒಕ್ಕಣೆ ಎಲ್ಲಾ ಮುಗಿದಿರುತ್ತದೆ. ಹೋಲಿಸುವುದಾದರೆ ಅದೇ ತಿಂಗಳಿನವು, ಮಳೆ ಹೆಚ್ಚುಕಡಿಮೆ ಒಂದೇ ಥರ ಬಿದ್ದ ವರ್ಷಗಳವು, ಅದೂ ಎರಡೇ ಅಲ್ಲ, ಐದಾರು ಚಿತ್ರ ಬೇಕು. ಇನ್ನೊಂದು ವಿಷಯ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. ಆ ಕೆರೆಗಳ ಸುತ್ತಮುತ್ತ ಹಸಿರಾಗಿದ್ದರೆ ಅದು ಆ ನೀರಿನಿಂದ ಇರಬಹುದು. ಅದನ್ನು ತಾವು ನೆಟ್ಟ ಸಸಿಗಳ ಲೆಕ್ಕಕ್ಕೆ ಸೇರಿಸಿಕೊಂಡ ಒಂದು ಸಂಸ್ಥೆಯ ವರದಿಗೆ ನಾನು ಸಹಿ ಹಾಕಲಿಲ್ಲ.

ಹಾಗೇ ಬೋಳಾಗಿ ಕಂಡಿದ್ದೆಲ್ಲ ಹಾಳು ನೆಲವಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಒಣ ಹುಲ್ಲು, ಕಂದು ಬಯಲು. ಅಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಓಡಾಡುತ್ತವೆ. ಅವಕ್ಕೆ ಬೇಕಾದ್ದೇ ಆ ಬಯಲು. ಅಲ್ಲಿ ಒತ್ತಾಗಿ ಮರ ನೆಟ್ಟರೆ ಚಿತ್ರ ಹಸಿರಾಗುತ್ತದೆ, ಮೃಗಗಳು ನೆಲೆ ಕಳೆದುಕೊಳ್ಳುತ್ತವೆ.

ಇಷ್ಟೆಲ್ಲ ಹೇಳಿ, ಅವರ ಹೊಸ ಚಿತ್ರದಲ್ಲಿ ಎಲ್ಲಕ್ಕಿಂತ ದಟ್ಟವಾಗಿದ್ದ ಹಸಿರಿನ ಮೇಲೆ ಬೆರಳಿಟ್ಟು "ಇದು ಯಾವ ಜಾಗ?" ಅಂತ ಕೇಳಿದೆ. ಇಬ್ಬರೂ ಮುಖಮುಖ ನೋಡಿಕೊಂಡರು. ಅದು ಅವರೂರಿನ ಕೆರೆ ಅಂಗಳ. ನೀರಿಲ್ಲದ ಕೆರೆಯಲ್ಲಿ ಬಳ್ಳಾರಿ ಜಾಲಿ ಕಾಡಿನ ಹಾಗೆ ಬೆಳೆದಿತ್ತು.

ನೀರು ಯಾಕೆ ಬರುತ್ತಿಲ್ಲ ಅನ್ನುವುದು ಚಿತ್ರದಲ್ಲಿ ಸಿಗುವುದಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ ಒಂದು ಚುಕ್ಕಿ ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಹತ್ತಿರಹತ್ತಿರ 9 ಗುಂಟೆ. ಕೆರೆಗೆ ನೀರು ತರುವ ಎರಡು ಮೂರು ಮೀಟರ್ ಅಗಲದ ಕಾಲುವೆ ಆ ಚುಕ್ಕಿಯೊಳಗೇ ಕಳೆದುಹೋಗುತ್ತದೆ. ಅದಕ್ಕೆ ಗ್ರಾಮನಕ್ಷೆ ಹಿಡಿದು ನಡೆಯಲೇಬೇಕು.

ಭಾನುವಾರ ನಡೆದೆವು. ಹಿಂದೆ ನೀರುಗಂಟಿಯಾಗಿದ್ದ ಅಜ್ಜ ಒಬ್ಬರು ಕೋಲೂರಿಕೊಂಡು ಜೊತೆಗೆ ಬಂದರು. ನನ್ನ ನಕ್ಷೆಯಲ್ಲಿ 'ಬಂಜರು' ಅಂತಿದ್ದ ಜಾಗದಲ್ಲಿ ನಿಂತು, "ಇದು ಬಂಜರಲ್ಲ ಸ್ವಾಮಿ, ನಮ್ಮ ಗೋಮಾಳ. ಮಳೆ ಬಂದರೆ ಕೆರೆಗೆ ನೀರು ಇಳಿಯೋದೇ ಇಲ್ಲಿಂದ" ಅಂದರು. ಕಾಲುವೆ ಹುಡುಕುತ್ತಾ ಹೋದರೆ ಅರ್ಧ ದಾರಿಯಲ್ಲೇ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅದರ ಮೇಲೂ ಜಾಲಿ.

ವರದಿ ಇನ್ನೂ ಬರೆದಿಲ್ಲ. ಅವರಿಬ್ಬರೂ ಕಾಲುವೆ ಬಿಡಿಸಿಕೊಡಿ, ಜಾಲಿ ತೆಗೆಸಿ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ನೀರು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುವುದರಿಂದ ಆ ಬೆಳಕಿನ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಹೊಸ ಚಿತ್ರ ತೆಗೆದು ಕೆರೆ ಅಂಗಳ ಕಪ್ಪಾಗಿದೆಯಾ ಅಂತ ನೋಡೋಣ ಅಂದಿದ್ದೇನೆ.