ತಿದ್ದಲು ಹೋದವರು ಹೊಸದನ್ನೇ ಬರೆದರು, ಅಧಿಕಾರ ಕೊಟ್ಟವರು ಯಾರು?

ಪ್ರಶ್ನೆ: 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರ ಕೆಲಸ ಹಳೇ ಕರಾರನ್ನು ತಿದ್ದುವುದಷ್ಟೇ ಅಲ್ವಾ? ಅಮೆರಿಕಕ್ಕೆ ಹೊಸ ಸಂವಿಧಾನವನ್ನೇ ಬರೆಯೋಕೆ ಅವರಿಗೆ ಹಕ್ಕಿತ್ತಾ?

ಉತ್ತರ: ಕಾಗದದ ಪ್ರಕಾರ ಇರಲಿಲ್ಲ. ಆ ವರ್ಷದ ಫೆಬ್ರವರಿ 21ರಂದು ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳ ಸಭೆ, ಮಾಡಿದ ನಿರ್ಣಯದಲ್ಲಿ, ಫಿಲಡೆಲ್ಫಿಯಾದಲ್ಲಿ ಸೇರುವುದು ಒಕ್ಕೂಟದ ಕರಾರನ್ನು (13 ರಾಜ್ಯಗಳನ್ನು ಒಟ್ಟಿಗೆ ಕಟ್ಟಿದ್ದ ಒಪ್ಪಂದ, Articles of Confederation) ಪರಿಷ್ಕರಿಸಲು ಮಾತ್ರ ಎಂದು ಬರೆದಿತ್ತು. ಕರಾರು ಬದಲಾಗಬೇಕಾದರೆ 13 ರಾಜ್ಯಗಳೂ ಒಪ್ಪಬೇಕಿತ್ತು.

ತೊಡಕು ಇದ್ದದ್ದೇ ಅಲ್ಲಿ. ಕಾಂಗ್ರೆಸ್‌ಗೆ ತೆರಿಗೆ ಹಾಕುವ ಹಕ್ಕಿರಲಿಲ್ಲ, ಪ್ರತಿ ಸಲ ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸೋಕೆ ಆಮದಿನ ಮೇಲೆ ಶೇ 5ರ ಸುಂಕ ಕೇಳಿದಾಗ, 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಆಗಲ್ಲ ಅಂದಿತು. ಅಲ್ಲಿಗೆ ಸುಂಕದ ಮಾತು ಬಿದ್ದುಹೋಯಿತು. ಒಬ್ಬರು ತಲೆ ಅಲ್ಲಾಡಿಸಿದರೂ ನಿಂತುಹೋಗುವ ಕರಾರನ್ನು ಅದರದ್ದೇ ನಿಯಮ ಹಿಡಿದು ರಿಪೇರಿ ಮಾಡುವುದು ಆಗದ ಮಾತು ಎಂದೇ ನನಗೆ ಅನಿಸುತ್ತದೆ.

ನೀವು ಕೇಳಿದ ಪ್ರಶ್ನೆ ಆ ಸಭೆಯ ಒಳಗೇ ಎದ್ದಿತ್ತು. ಮೇ 29ರಂದು ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಮಂಡಿಸಿದ ಯೋಜನೆಯಲ್ಲಿ ಎರಡು ಸದನ, ಪ್ರತ್ಯೇಕ ಕಾರ್ಯಾಂಗ, ನ್ಯಾಯಾಂಗ ಎಲ್ಲ ಇದ್ದವು. ಮರುದಿನವೇ ಡೆಲವೇರ್‌ನ ಜಾರ್ಜ್ ರೀಡ್ ತಕರಾರು ತೆಗೆದರು. ರಾಜ್ಯಕ್ಕೊಂದು ಸಮಾನ ಮತ ಅನ್ನುವುದನ್ನು ಬಿಟ್ಟುಕೊಡಬೇಡಿ ಎಂದು ಅವರಿಗೆ ಊರಿಂದಲೇ ಕಟ್ಟಪ್ಪಣೆ ಆಗಿತ್ತು. ಅದನ್ನು ಮುಟ್ಟಿದರೆ ಸಭೆಯಿಂದ ಎದ್ದು ಹೋಗಬೇಕಾದೀತು ಎಂದರು. ಜೂನ್‌ನಲ್ಲಿ ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ಕೂಡ ಅದೇ ಪಟ್ಟು ಹಿಡಿದರು: ಇಷ್ಟೆಲ್ಲ ಮಾಡಲು ನಮ್ಮನ್ನು ಕಳಿಸಿಲ್ಲ, ಬೇಕಿದ್ದರೆ ಹಿಂದಿರುಗಿ ಹೆಚ್ಚಿನ ಅಧಿಕಾರ ಕೇಳಿಕೊಂಡು ಬರೋಣ.

ಇದಕ್ಕೆ ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಕೊಟ್ಟ ಉತ್ತರವೇ ಕೊನೆಗೆ ದಾರಿ ತೋರಿಸಿತು. ನಮಗೆ ಏನನ್ನೂ ಅಂತಿಮ ಮಾಡುವ ಅಧಿಕಾರವಿಲ್ಲ, ಆದರೆ ಏನನ್ನು ಬೇಕಾದರೂ ಸೂಚಿಸಬಹುದು ಎಂದರು ಅವರು. ಅಂದರೆ ಕರಡು ಸಭೆಯದು, ತೀರ್ಮಾನ ಬೇರೆಯವರದು. ಅದಕ್ಕೇ ಹೊಸ ಸಂವಿಧಾನದಲ್ಲಿ 7ನೇ ವಿಧಿ ಬಂತು: ಪ್ರತಿ ರಾಜ್ಯದಲ್ಲಿ ವಿಶೇಷ ಸಭೆ ಕರೆಯಬೇಕು, 9 ರಾಜ್ಯ ಒಪ್ಪಿದರೆ ಆ ರಾಜ್ಯಗಳ ಮಟ್ಟಿಗೆ ಸಂವಿಧಾನ ಜಾರಿ. ನಿಜವಾಗಿ ನಿಯಮ ಮುರಿದದ್ದು ಇಲ್ಲೇ. 13ರ ಜಾಗದಲ್ಲಿ 9 ಬಂದು ಕೂತಿತು.

ಆಮೇಲಿನ ಚರ್ಚೆ ಸುಮ್ನೆ ಶಾಸ್ತ್ರಕ್ಕೆ ನಡೆದದ್ದಲ್ಲ. ರಾಜ್ಯಗಳ ವಿಶೇಷ ಸಭೆಗಳಲ್ಲಿ ಪರ–ವಿರೋಧ ಬಿದ್ದ ಮತ ನೋಡಿ: ಮ್ಯಾಸಚೂಸೆಟ್ಸ್‌ನಲ್ಲಿ 187–168, ವರ್ಜೀನಿಯಾದಲ್ಲಿ 89–79, ನ್ಯೂಯಾರ್ಕ್‌ನಲ್ಲಿ 30–27. ಕೂದಲೆಳೆಯ ಗೆಲುವುಗಳು ಇವು. ಹಕ್ಕುಗಳ ಪಟ್ಟಿ ಎಲ್ಲಿ ಎಂದು ವಿರೋಧಿಗಳು ಬೆನ್ನುಬಿದ್ದದ್ದರಿಂದಲೇ 1791ರಲ್ಲಿ ಮೊದಲ 10 ತಿದ್ದುಪಡಿಗಳು ಬಂದವು. ರೋಡ್ ಐಲೆಂಡ್ ಮಾತ್ರ ಫಿಲಡೆಲ್ಫಿಯಾಕ್ಕೆ ಯಾರನ್ನೂ ಕಳಿಸಿರಲಿಲ್ಲ. ಅದು ಒಪ್ಪಿದ್ದು 1790ರ ಮೇನಲ್ಲಿ, ಅದೂ 34–32ರಿಂದ.

ಹಾಗಾಗಿ ನನ್ನ ಉತ್ತರ ಇದು: ಹೋಗುವಾಗ ಇರದಿದ್ದ ಅಧಿಕಾರವನ್ನು ಜನರ ಮುಂದೆ ಹೋಗಿ ಪಡೆದುಕೊಂಡರು. ಆದರೆ ಜನ ಅಂದರೆ ಯಾರು ಎಂದೂ ಕೇಳಲೇಬೇಕು. ಹೆಂಗಸರಿಗೆ ಬಹುತೇಕ ಎಲ್ಲೂ ಮತ ಇರಲಿಲ್ಲ. ಗುಲಾಮರನ್ನು ಸೀಟು ಹಂಚುವ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲು ಎಣಿಸಿಕೊಂಡರು, ಅವರ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ.