ಮ್ಯಾನ್ ಪುಟ: ಬರೆಯುವವರು ಯಾರು ಅಂತ ಮೊದಲು ಕೇಳಿ

ಗಂಗಾವತಿಯ ರೈಸ್ ಮಿಲ್ಲುಗಳಿಗೆ ನಾವು ಒಂದು ಚಿಕ್ಕ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ವೇ ಬ್ರಿಡ್ಜ್ ಮೇಲೆ ಲಾರಿ ನಿಂತರೆ ಅದರ ತೂಕವನ್ನು ಲಿನಕ್ಸ್ ಕಂಪ್ಯೂಟರಿಗೆ ಬರೆದುಕೊಳ್ಳುವ ಕಮಾಂಡ್ ಅದು. ಸುಗ್ಗಿ ಟೈಮಿನಲ್ಲಿ ರಾತ್ರಿಯೆಲ್ಲ ಭತ್ತದ ಲಾರಿಗಳು ಬರುತ್ತವೆ. ನೆಟ್ ಇಲ್ಲದಿದ್ದರೂ ಉತ್ತರ ಅಲ್ಲೇ ಸಿಗಬೇಕು. ಅದಕ್ಕೇ ಮ್ಯಾನ್ ಪುಟ ಬೇಕು, ಅಂದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಪರದೆ) ‘ಮ್ಯಾನ್’ ಅಂತ ಕೊಟ್ಟರೆ ತೆರೆಯುವ ಕಮಾಂಡಿನ ಕೈಪಿಡಿ. ಅದನ್ನು ಯಾವುದರಲ್ಲಿ ಬರೆಯೋದು ಅನ್ನೋದೇ ಪ್ರಶ್ನೆ.

ಮೊದಲ ಪುಟವನ್ನು ನಾನೇ ರಾಫ್‌ನಲ್ಲಿ, ಅಂದರೆ ಪುಟದ ರೂಪವನ್ನು ಗುರುತುಗಳಿಂದ ಹೇಳುವ ಹಳೆಯ ಭಾಷೆಯಲ್ಲಿ, ಬರೆದೆ. 1971ರ ಮೊದಲ ಯುನಿಕ್ಸ್ ಕೈಪಿಡಿ ತಯಾರಾಗಿದ್ದೂ ರಾಫ್‌ನಲ್ಲೇ. ಸಾಲಿನ ಮೊದಲು ಚುಕ್ಕಿ ಇಟ್ಟು ‘ಎಸ್‌ಎಚ್’ ಅಂದರೆ ತಲೆಬರಹ, ‘ಬಿ’ ಅಂದರೆ ದಪ್ಪ ಅಕ್ಷರ. ಕಲಿಯೋದು ಕಷ್ಟ ಅಲ್ಲ.

ಒಂದು ರಾತ್ರಿ ಆಪರೇಟರ್ ಫೋನ್ ಮಾಡಿದರು. “ಸರ, ನೀವು ಬರ್ದಿದ್ದನ್ನ ಹಂಗ ಕಾಪಿ ಮಾಡೀನ್ರಿ, ಆದ್ರೂ ನಡೀವಲ್ದು.” ಹೋಗಿ ನೋಡಿದೆ. ಆಯ್ಕೆಯ (ಕಮಾಂಡಿನ ಜೊತೆ ಕೊಡುವ ಸೂಚನೆ) ಮೊದಲಿಗೆ ಬರುವ ಗೆರೆ ನೋಡಲು ಮೈನಸ್ ಥರವೇ ಇತ್ತು. ಆದರೆ ರಾಫ್ ಓದಿ ಪುಟ ತೋರಿಸುವ ಪ್ರೋಗ್ರಾಂ ಜಿ-ರಾಫ್ ಅದನ್ನು ಪದ ಜೋಡಿಸುವ ಹೈಫನ್ ಮಾಡಿ ತೋರಿಸಿತ್ತು. ಕಣ್ಣಿಗೆ ಎರಡೂ ಒಂದೇ, ಕಮಾಂಡಿಗೆ ಬೇರೆ ಬೇರೆ. ಮೈನಸ್ಸೇ ಬೇಕಿದ್ದರೆ ಅದಕ್ಕಿಂತ ಮೊದಲು ಬ್ಯಾಕ್‌ಸ್ಲ್ಯಾಶ್ (\) ಹಾಕಬೇಕಿತ್ತು. ನಾನು ಹಾಕಿರಲಿಲ್ಲ. ಹೊರಗೆ ಲಾರಿಗಳು ಸಾಲಾಗಿ ನಿಂತಿದ್ದವು.

ನಮ್ಮಲ್ಲಿ ತೇವ, ಚೀಲದ ತೂಕ ಕಳೆಯುವ ಲೆಕ್ಕವೆಲ್ಲ ಚೆನ್ನಾಗಿ ಗೊತ್ತಿರುವುದು ಕಾಮರ್ಸ್ ಓದಿದ ಒಬ್ಬ ಸಹೋದ್ಯೋಗಿಗೆ. ಪುಟ ಬರೆಯಬೇಕಾದವರು ಅವರೇ ಅಲ್ವಾ? ಅವರಿಗೆ ಚುಕ್ಕಿ, ಬ್ಯಾಕ್‌ಸ್ಲ್ಯಾಶ್ ಎಣಿಸುವ ಕೆಲಸ ಯಾಕೆ ಕೊಡಬೇಕು?

ಹಾಗಾಗಿ ಸುಲಭವಾಗಿ ಬರೆದು ಮ್ಯಾನ್ ಪುಟ ಮಾಡಿಕೊಳ್ಳುವ ಬೇರೆ ದಾರಿಗಳನ್ನು ಹುಡುಕಿದೆವು. ಡಾಕ್‌ಬುಕ್ ನೋಡಿದೆವು. ಎಕ್ಸ್‌ಎಂಎಲ್ ಟ್ಯಾಗ್ ತೆರೆಯೋದು, ಮುಚ್ಚೋದೇ ಜಾಸ್ತಿ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ತಂಡಕ್ಕೆ ಸ್ಫಿಂಕ್ಸ್ ಒಗ್ಗುತ್ತದೆ, ಪರ್ಲ್ ಭಾಷೆಯವರಿಗೆ ಪಾಡ್ ಇದ್ದೇ ಇದೆ. ಸರಳ ಗುರುತುಗಳ ಮಾರ್ಕ್‌ಡೌನ್ ಬರೆದು ಅದನ್ನು ಬದಲಿಸುವ ಪ್ಯಾನ್‌ಡಾಕ್ ಪ್ರೋಗ್ರಾಂಗೆ ಕೊಟ್ಟರೂ ಮ್ಯಾನ್ ಪುಟ ಬರುತ್ತದೆ, ತಪ್ಪೇನಿಲ್ಲ. ನೇರ ರಾಫ್‌ನಲ್ಲೇ ಬರೆಯುವವರಿಗೆ ಬಿಎಸ್‌ಡಿಯ (ಯುನಿಕ್ಸ್‌ನ ಒಂದು ಕವಲು) ಎಂಡಾಕ್ ಮ್ಯಾಕ್ರೋಗಳನ್ನೇ, ಅಂದರೆ ಸಿದ್ಧ ಗುರುತುಗಳನ್ನೇ, ಹೇಳುತ್ತೇನೆ. ‘ಇದು ಆಯ್ಕೆ’ ಅಂತ ಗುರುತು ಹಾಕಿದರೆ ಮೈನಸ್ಸನ್ನು ಅದೇ ಸರಿಯಾಗಿ ಹಾಕಿಕೊಳ್ಳುತ್ತದೆ.

ನಾವು ಆರಿಸಿದ್ದು ಆಸ್ಕಿಡಾಕ್, ಸಾದಾ ಪಠ್ಯದಂತೆಯೇ ಬರೆಯುವ ರೂಪ. ಪ್ರೋಗ್ರಾಂ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಕೈಪಿಡಿಗಳೂ ಅದರಲ್ಲೇ ಇವೆ. ಆಯ್ಕೆ ಬರೆದು, ಎರಡು ಕೋಲನ್ ಹಾಕಿ, ವಿವರ ಬರೆದರೆ ಸಾಕು. ಮ್ಯಾನ್ ಪುಟದ ಜೀವ ಆ ಆಯ್ಕೆಗಳ ಪಟ್ಟಿಯೇ. ಆಸ್ಕಿಡಾಕ್ ಓದುವ ಪ್ರೋಗ್ರಾಂ ಆಸ್ಕಿಡಾಕ್ಟರ್ ಒಂದೇ ಫೈಲಿನಿಂದ ಮ್ಯಾನ್ ಪುಟವನ್ನೂ ಎಚ್‌ಟಿಎಂಎಲ್ (ಬ್ರೌಸರ್‌ನಲ್ಲಿ ತೆರೆಯುವ ಪುಟ) ಅನ್ನೂ ಕೊಡುತ್ತದೆ. ಇದು ನಮಗೆ ತುಂಬಾ ಮುಖ್ಯ. ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ. ಹಾಗಾಗಿ ಕನ್ನಡದ ಪುಟವನ್ನು ಎಚ್‌ಟಿಎಂಎಲ್ ಮಾಡಿ, ಪ್ರಿಂಟ್ ತೆಗೆದು ತೂಕದ ಕೋಣೆಯ ಗೋಡೆಗೆ ಅಂಟಿಸಿದ್ದೇವೆ.

ಯಾವುದನ್ನೇ ಆರಿಸಿ, ತಯಾರಾದ ಪುಟವನ್ನು ಮ್ಯಾನ್‌ನಲ್ಲೇ ತೆರೆಯಿರಿ. ಉದಾಹರಣೆಯ ಕಮಾಂಡನ್ನು ಅಲ್ಲಿಂದಲೇ ಕಾಪಿ ಮಾಡಿ ಓಡಿಸಿ. ಮಿಲ್ಲಿನಲ್ಲಿರುವ ಹಳೆಯ ಕಂಪ್ಯೂಟರಿನಲ್ಲೂ ಒಮ್ಮೆ ಓಡಿಸಿ ನೋಡದೆ ನಾವೀಗ ಯಾವ ಪುಟವನ್ನೂ ಕಳಿಸುವುದಿಲ್ಲ.