ಡೋರಿನ ತುಕ್ಕು ಶುರುವಾಗುವುದು ಒಳಗಡೆ

ಮಳೆಗಾಲ ಮುಗಿಯಿತೆಂದರೆ ಕರಾವಳಿಯ ಗ್ಯಾರೇಜುಗಳಿಗೆ ಹಳೆಯ ಮಾರುತಿ 800ಗಳು ಒಂದೊಂದಾಗಿ ಬರುತ್ತವೆ. 2014ರಲ್ಲಿ ತಯಾರಿಕೆ ನಿಂತರೂ ನಮ್ಮ ಕಡೆ ಇನ್ನೂ ಓಡುತ್ತಿರುವ ಕಾರು ಅದು. ದೂರು ಸಾಮಾನ್ಯವಾಗಿ ಒಂದೇ: ಡೋರಿನ ಕೆಳ ಅಂಚಿನಲ್ಲಿ ಪೇಂಟ್ ಉಬ್ಬಿದೆ, ಸ್ವಲ್ಪ ಪುಟ್ಟಿ ಹಾಕಿ ಬಣ್ಣ ಹೊಡೆದುಕೊಡಿ. ಆ ಉಬ್ಬಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಎಷ್ಟೋ ಸಲ ಅದು ನೇರ ಒಳಗೇ ಹೋಗುತ್ತದೆ. ಹೊರಗೆ ಕಾಣುವ ಹೊತ್ತಿಗೆ ತಗಡು ಒಳಗಿನಿಂದ ತಿಂದು ಮುಗಿದಿರುತ್ತದೆ.

ಡೋರಿನೊಳಗೆ ನೀರು ಹೋಗಲೇಬಾರದು ಎಂದು ಬಹಳ ಜನ ನಂಬಿದ್ದಾರೆ. ನೀರು ಹೋಗಿಯೇ ಹೋಗುತ್ತದೆ. ಗ್ಲಾಸಿನ ಹೊರಬದಿಯ ರಬ್ಬರ್ ಬೀಡಿಂಗ್ ಹೆಚ್ಚಿನ ನೀರನ್ನು ತಡೆಯುತ್ತದೆ, ಉಳಿದದ್ದು ಗ್ಲಾಸಿನ ಜೊತೆ ಕೆಳಗಿಳಿದು ತಳದ ಸಣ್ಣ ತೂತುಗಳಿಂದ ಹೊರಗೆ ಬೀಳಬೇಕು. ಕಂಪನಿಯೇ ಬಿಟ್ಟಿರುವ ತೂತುಗಳು ಅವು. ಧೂಳು, ಒಣಗಿದ ಎಲೆ ಸೇರಿ ಕೆಸರಾಗಿ ಅವು ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಹೊರ ತಗಡನ್ನು ಒಳ ಫ್ರೇಮಿನ ಮೇಲೆ ಮಡಚಿ ಒತ್ತಿರುವ ಜಾಗವೂ ಅದೇ. ಆ ಮಡಿಕೆಗೆ ಸೇರಿದ ತೇವ ಬೇಗ ಆರುವುದಿಲ್ಲ, ಮೇಲಿಂದ ಉಪ್ಪುಗಾಳಿ ಬೇರೆ.

ಇಂಥ ಡೋರಿಗೆ ಬರೀ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ. ಆ ಕೆಲಸಕ್ಕೆ ದುಡ್ಡು ಕೊಡಬೇಡಿ. ಮೊದಲು ಡೋರ್ ಪ್ಯಾಡ್, ಅಂದರೆ ಡೋರಿನ ಒಳಬದಿಯ ಹೊದಿಕೆ, ಬಿಚ್ಚಿ ಒಳಗೆ ನೋಡಬೇಕು. ಬರೀ ಮೇಲ್ಪದರದ ತುಕ್ಕಾದರೆ ಉಜ್ಜಿ ತೆಗೆದು ಬಣ್ಣದಡಿಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಕೊಟ್ಟರೆ ಸಾಕು. ತೂತಾಗಿದ್ದರೆ ಜೀವವಿರುವ ತಗಡು ಸಿಗುವವರೆಗೂ ಕತ್ತರಿಸಲೇಬೇಕು. ಅರ್ಧ ಇಂಚು ಉಳಿಸಲು ಹೋಗಿ ತುಕ್ಕಿನ ಅಂಚಿಗೆ ವೆಲ್ಡ್ ಮಾಡಿದರೆ ಅಲ್ಲಿಂದಲೇ ಮತ್ತೆ ಶುರು. ಹೊಸ ತುಂಡಿಗೆ 22 ಗೇಜ್, ಅಂದರೆ ಸುಮಾರು 0.7 ಮಿಲಿಮೀಟರ್ ತಗಡು ಸರಿ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ಇಷ್ಟು ತೆಳು ತಗಡು ಅಲೆಅಲೆಯಾಗಿಬಿಡುತ್ತದೆ. ಸಿಓಟು (CO2 ಅನಿಲ ಬಿಡುತ್ತ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ) ವೆಲ್ಡಿಂಗಿನಲ್ಲಿ ಇಲ್ಲೊಂದು ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ನಡುವೆ ತುಂಬುತ್ತ ಹೋಗಬೇಕು. ಅವಸರ ಮಾಡಿದವನಿಗೆ ಆಮೇಲೆ ಪುಟ್ಟಿಯೇ ಗತಿ. ಕೊನೆಗೆ ಹೊರಗೆ ಬಣ್ಣ, ಒಳಮಡಿಕೆಗೆ ಮೇಣದಂಥ ತುಕ್ಕುನಿರೋಧಕ. ತೂತುಗಳನ್ನು ಮಾತ್ರ ಮುಚ್ಚದಂತೆ ನೋಡಿಕೊಳ್ಳಬೇಕು.

ತಳವೆಲ್ಲ ಹೋಗಿದ್ದರೆ ಗುಜರಿಯ ಡೋರ್ ಹುಡುಕುವುದೇ ಲಾಭ. ಬೆಂಗಳೂರಿನ ಶಿವಾಜಿನಗರದಲ್ಲಿ ಸಿಗುತ್ತದೆ. ಬಳ್ಳಾರಿ, ರಾಯಚೂರು ಕಡೆ ಓಡಿದ ಕಾರಿನದಾದರೆ ಕಣ್ಣಿಗೊತ್ತಿಕೊಂಡು ತನ್ನಿ, ಒಣಹವೆಯ ತಗಡು ಚೆನ್ನಾಗಿ ಉಳಿದಿರುತ್ತದೆ. ಕೊಳ್ಳುವ ಮುಂಚೆ ಕೆಳ ಅಂಚಿನುದ್ದಕ್ಕೂ ಒಂದು ಸಣ್ಣ ಅಯಸ್ಕಾಂತ ಆಡಿಸಿ. ಪುಟ್ಟಿ ದಪ್ಪ ಇದ್ದಲ್ಲಿ ಅದು ಹಿಡಿಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕಾರು ನೋಡಲು ಹೋದಾಗಲೂ ಇದನ್ನೇ ಮಾಡಿ.

ಇನ್ನು ಜೋಲುವ ಡೋರ್. ಮುಚ್ಚುವಾಗ ಎತ್ತಿ ಹಾಕಬೇಕಾಗಿದ್ದರೆ ಕೆಲವರು ಬಾಡಿಯ ಕಂಬದ ಮೇಲಿನ ಸ್ಟ್ರೈಕರನ್ನು, ಅಂದರೆ ಡೋರಿನ ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನು, ಕೆಳಗಿಳಿಸಿ ಕಳಿಸುತ್ತಾರೆ. ಅದು ರೋಗ ಮುಚ್ಚಿಡುವ ಕೆಲಸ. ಡೋರನ್ನು ಅರ್ಧ ತೆರೆದು ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಡೋರ್ ತಿರುಗುವ ಕೀಲಾದ ಹಿಂಜಿನಲ್ಲಿ ಕಟಕಟ ಆಟ ಕಂಡರೆ ಪಿನ್ ಸವೆದಿದೆ, ಹಿಂಜ್ ರಿಪೇರಿಯಾಗಬೇಕು. ಸ್ಟ್ರೈಕರ್ ಹೊಂದಿಸುವುದು ಅದರ ನಂತರ.

ಎಲ್ಲ ಮುಗಿದ ಮೇಲೆ ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ತಪ್ಪದೆ ಅಂಟಿಸಲು ಹೇಳಿ. ಬಿಚ್ಚುವಾಗ ಹರಿದದ್ದನ್ನು ಕಸಕ್ಕೆ ಎಸೆಯುವ ಅಭ್ಯಾಸ ಬಹಳ ಕಡೆ ಇದೆ. ಹಾಳೆ ಇಲ್ಲದಿದ್ದರೆ ಪ್ಯಾಡಿನ ರಟ್ಟು ನೆನೆದು ಉಬ್ಬುತ್ತದೆ, ನೀರು ಕಾರಿನೊಳಗೆ ಇಳಿಯುತ್ತದೆ. ಗಾಡಿ ತೆಗೆದುಕೊಳ್ಳುವ ಮುಂಚೆ ಗ್ಲಾಸ್ ಏರಿಸಿ ಹೊರಗಿನಿಂದ ಒಂದು ಚೊಂಬು ನೀರು ಸುರಿಯಿರಿ. ಒಳಹೋದ ನೀರು ಡೋರಿನ ತಳದಿಂದ ನೆಲಕ್ಕೆ ತೊಟ್ಟಿಕ್ಕಬೇಕು. ಕಾಲಡಿಯ ಮ್ಯಾಟ್ ಒದ್ದೆಯಾದರೆ ಡೋರ್ ಪ್ಯಾಡ್ ಮತ್ತೆ ಬಿಚ್ಚಿಸಿ.